ಮತ್ತರಿಗೆ ಎಷ್ಟು ಎಕರೆ?

ಕಲ್ಯಾಣದ ಚಾಲುಕ್ಯ ದೊರೆ ಎರಡನೆಯ ಸೋಮೇಶ್ವರನ ಕಾಲ, ಕ್ರಿ.ಶ. 1074ರ ಸುಮಾರು. ನಾಕಿಮಯ್ಯನೆಂಬ ಅಧಿಕಾರಿ ವಿಜಯಪುರದಲ್ಲಿ ಸ್ವಯಂಭು ಸಿದ್ಧೇಶ್ವರನ ಗುಡಿ ಕಟ್ಟಿಸಿ, ಅದಕ್ಕೆ 300 ಮತ್ತರು ಭೂಮಿ ಬಿಟ್ಟುಕೊಟ್ಟನೆಂದು ಇಲ್ಲಿನ ಶಾಸನ ಹೇಳುತ್ತದೆ. ಮತ್ತರು ಹಳಗನ್ನಡ ಶಾಸನಗಳ ನೆಲದಳತೆ. ಅದಕ್ಕಿಂತ ಚಿಕ್ಕದು ಕಮ್ಮ. ಮಾತಿನಿಂದ ಎರಡೂ ಮರೆಯಾಗಿವೆ. ಈ ಪದ ಕಂಡೊಡನೆ ಓದುಗರು ಕೇಳುವುದು, ಹಾಗಾದರೆ ಎಷ್ಟು ಎಕರೆ ಆಯಿತು ಎಂದು. ಒಂದೇ ಅಂಕಿಯ ಉತ್ತರ ಕೊಟ್ಟರೆ ಪದದ ಅರ್ಥವೇ ಕೆಡುತ್ತದೆ ಎಂಬುದು ನನ್ನ ವಾದ.

ಶಾಸನಗಳು ಎಷ್ಟೋ ಸಲ ಬರಿಯ ಮತ್ತರು ಎಂದು ಬರೆದು ಸುಮ್ಮನಾಗುವುದಿಲ್ಲ, ಯಾವ ಘಳೆಯಿಂದ ಅಳೆದದ್ದು ಎಂಬುದನ್ನೂ ಸೇರಿಸುತ್ತವೆ. ಘಳೆಯೆಂದರೆ ಅಳತೆಯ ಕೋಲು. ಬಳ್ಳಿಗಾವೆಯ ಕಡೆ ಭೇರುಂಡ ಘಳೆ, ಬೇರೆಡೆ ಗಡಿಂಬದ ಘಳೆ. ಕೋಲಿನ ಉದ್ದ ಬದಲಾದರೆ ಮತ್ತರೂ ಬದಲಾಗುತ್ತದೆ. ನೆಲದ ಜಾತಿಯನ್ನೂ ಅವು ಬಿಡುವುದಿಲ್ಲ: ಎರೆಯೋ, ಬೆದ್ದಲೆಯೋ, ಗದ್ದೆಯೋ, ತೋಂಟವೋ ಎಂದು ಬಿಡಿಸಿ ಹೇಳುತ್ತವೆ. ಡೋಣಿ ಹರಿಯುವ ಬಬಲೇಶ್ವರ ಸೀಮೆಯ ಆಳವಾದ ಎರೆಹೊಲ, ಈಗ ದ್ರಾಕ್ಷಿ ಬೆಳೆಯುವ ತಿಕೋಟಾ ಕಡೆಯ ಮಡ್ಡಿ ಇವೆರಡನ್ನೂ ಬಲ್ಲವರಿಗೆ ಆ ವಿವರ ಏಕೆ ಬೇಕಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ನಮ್ಮ ಕೂರಿಗೆಯ ಲೆಕ್ಕವೂ ಇದೇ ಜಾಡಿನದು. ಅದು ಬಿತ್ತುವ ಕೆಲಸದಿಂದ ಹುಟ್ಟಿದ ಅಳತೆ. ನೆಲ ಯಾವುದಾದರೂ ನಲವತ್ತು ಗುಂಟೆಗೆ ಒಂದು ಎಕರೆ ಎಂಬ ಲೆಕ್ಕ ಬೇರೂರಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಮುಂಬಯಿ ಸರ್ಕಾರ ಮಾಡಿಸಿದ ಭೂಮಾಪನದಿಂದ.

ಇದಕ್ಕೆ ಆಕ್ಷೇಪವಿದೆ. ಸಂಸ್ಕೃತ ಗ್ರಂಥಗಳು ನಿವರ್ತನವೆಂಬ ನೆಲದಳತೆಗೆ ದಂಡಗಳ, ಅಂದರೆ ಅಳತೆಗೋಲುಗಳ ಲೆಕ್ಕ ಕೊಡುತ್ತವೆ, ವಿದ್ವಾಂಸರು ಮತ್ತರನ್ನು ನಿವರ್ತನಕ್ಕೆ ಸಮನೆಂದು ಹಿಡಿದಿದ್ದಾರೆ. ಅಲ್ಲದೆ, ತೆರಿಗೆ ಎತ್ತುವ ಅರಸನಿಗೆ ಒಂದು ಸ್ಥಿರ ಅಳತೆ ಬೇಡವೇ? ಬೇಕಿತ್ತು, ಅದಕ್ಕಾಗಿ ಪ್ರಯತ್ನಗಳೂ ನಡೆದಿರಬಹುದು. ಆದರೆ ಒಂದೇ ಕೋಲು ಎಲ್ಲೆಡೆ ಓಡಾಡುತ್ತಿದ್ದರೆ ಅದರ ಹೆಸರನ್ನು ಕಲ್ಲಿನಲ್ಲಿ ಕೊರೆಸುವ ಅಗತ್ಯ ಯಾರಿಗೂ ಬೀಳುತ್ತಿರಲಿಲ್ಲ. ಗ್ರಂಥದ ನಿವರ್ತನವೂ ದಂಡವನ್ನೇ ನಂಬಿಕೊಂಡದ್ದು. ದಂಡಕ್ಕೆ ಎಷ್ಟು ಮೊಳ, ಮೊಳ ಯಾರ ಕೈಯದು ಎಂದು ಕೇಳಿದರೆ ಮತ್ತೆ ಊರಿನ ಕೋಲಿಗೇ ಬಂದು ನಿಲ್ಲುತ್ತೇವೆ.

ಎಕರೆಯ ಲೆಕ್ಕ ಕೈಬಿಟ್ಟರೆ ಇತಿಹಾಸಕಾರನಿಗೆ ಉಳಿಯುವುದೇನು ಎಂಬುದು ಇದಕ್ಕಿಂತ ಗಟ್ಟಿಯಾದ ಪ್ರಶ್ನೆ. ಇಂಡಿ ತಾಲ್ಲೂಕಿನ ಸಾಲೋಟಗಿಯ ಶಾಸನ ನೋಡಿ. ಅದು ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು, ಕ್ರಿ.ಶ. 945. ಅವನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಯ ದೀಪದ ವೆಚ್ಚಕ್ಕೆ 12 ನಿವರ್ತನ, ಉಪಾಧ್ಯಾಯನಿಗೆ 50 ನಿವರ್ತನ ಭೂಮಿ ಸಂದಿತ್ತು. ನಿವರ್ತನಕ್ಕೆ ಐದು ಎಕರೆಯಂತೆ ಗುಣಿಸಿ, ದೀಪಕ್ಕೆ 60, ಗುರುವಿಗೆ 250 ಎಕರೆ ಎಂದು ಬರೆಯುವುದುಂಟು. ಆ ಐದು ಎಂಬುದು ಊಹೆ. ಗುರುವಿನ ಪಾಲು ದೀಪದ ಪಾಲಿನ ನಾಲ್ಕು ಪಟ್ಟಿಗೂ ಮಿಗಿಲು ಎಂಬುದು ಶಾಸನವೇ ಕೊಡುವ ಸತ್ಯ. ಅದಕ್ಕೆ ಯಾವ ಎಕರೆಯ ಆಸರೆಯೂ ಬೇಡ. ದೀಪದ ಬೆಳಕಿಗೆಂದೇ ಹೊಲ ಮೀಸಲಿಟ್ಟ ಶಾಲೆಯ ಬಗ್ಗೆ ತಿಳಿಯಲು ಆ ಎರಡು ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಸಾಕು.