ರಳವುಳ್ಳ ಶಬ್ದಗಳ ಶೋಧ

ಓಲೆಗರಿಯಲ್ಲಿ ಅಕ್ಷರಗಳು ನಷ್ಟವಾದೆಡೆ, ಉಳಿದ ವರ್ಣಗಳಿಗೆ ಒಪ್ಪುವ ಶಬ್ದವನ್ನರಸುವುದು ಸಂಪಾದಕನ ಕಾರ್ಯ. ಇದಕ್ಕೆ ಜೈನ ವೈಯಾಕರಣ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ (ಸು. 1260) ಕೊಟ್ಟಿರುವ ರಳವುಳ್ಳ ಶಬ್ದಗಳ ಪಟ್ಟಿ ಅಮೂಲ್ಯ ಸಾಧನವೆಂಬುದು ನಿರ್ವಿವಾದ. ‘ಬಾಳ್’ ಎಂದರೆ ಖಡ್ಗ, ‘ಬಾೞ್’ ಎಂದರೆ ಜೀವಿಸು. ಒಂದು ವರ್ಣ ತಪ್ಪಿದರೆ ಪದ್ಯಾರ್ಥವೇ ಕೆಡುತ್ತದೆ. ಆದರೆ ಕೇಶಿರಾಜನ ಕಾಲಕ್ಕೆ ರಳವು ಆಡುಮಾತಿನಿಂದ ಮರೆಯಾಗಿತ್ತು. ಅವನಿಗೆ ಆಧಾರ ಪೂರ್ವಕವಿಪ್ರಯೋಗ. ಆ ಪಟ್ಟಿಯೂ ರಳ-ಕುಳಗಳ ಭೇದವನ್ನು ಕಿವಿಯಿಂದರಿಯದ ಲಿಪಿಕಾರರ ಕೈದಾಟಿ ಬಂದುದು. ಆದುದರಿಂದ ಅದೊಂದನ್ನೇ ನಂಬಿ ಪಾಠವನ್ನು ತಿದ್ದುವುದು ಸಾಧುವಲ್ಲ. ದ್ವಿತೀಯಾಕ್ಷರಪ್ರಾಸವನ್ನೂ, ಕಿನ್ನಾಳಕ್ಕೆ ಸಮೀಪದ ಕೊಪಣದಲ್ಲಿರುವ, ಸರ್ವನಂದಿ ಭಟಾರರ ಶಾಸನದಂತಹ (ಶಕ 803, ಕ್ರಿ.ಶ. 881) ಪ್ರಾಚೀನ ಲೇಖಗಳನ್ನೂ ಸಾಕ್ಷಿಯಾಗಿ ಕರೆಯಬೇಕು, ಶಿಲೆಯ ಬರಹ ಪ್ರತಿಯಿಂದ ಪ್ರತಿಗೆ ಇಳಿದುದಲ್ಲ.