ಪುಟ್ಟ ನಾಯಿಯೂ ಸಂತಾನಹರಣವೂ

ಹೋರಿಯ ಬೀಜ ಒಡೆಸಿ ಎತ್ತುಮಾಡಿ ನೊಗಕ್ಕೆ ಹೂಡುವುದರಲ್ಲಿ ನಮ್ಮ ಒಕ್ಕಲುತನವು ಎಂದೂ ಸಂಕೋಚಪಟ್ಟುದಿಲ್ಲ. ಆದರೆ ಅದೇ ಒಕ್ಕಲು ಮನೆತನದ ಮೊಮ್ಮಗನು ಬೆಂಗಳೂರಿನ ಮಹಡಿಮನೆಯೊಂದರಲ್ಲಿ ಮೂರು ಕಿಲೋ ತೂಕದ ಪಮೇರಿಯನ್ ನಾಯಿಯನ್ನು ಸಾಕಿಕೊಂಡಿರುವಾಗ, ಅದಕ್ಕೆ ಸಂತಾನಹರಣದ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದು ಪಶುವೈದ್ಯರು ಸೂಚಿಸಿದ ಕೂಡಲೆ, ಪ್ರಕೃತಿಧರ್ಮಕ್ಕೆ ಅಪಚಾರವಾದೀತೆಂದು ಕಳವಳಗೊಳ್ಳುತ್ತಾನೆ. ಈ ಕಳವಳವನ್ನು ಪರಿಹಾಸ್ಯಮಾಡುವುದು ಸುಲಭ, ಆದರೆ ನ್ಯಾಯವಲ್ಲ. ಎತ್ತಿನ ವಿಷಯದಲ್ಲಿ ಪ್ರಯೋಜನವು ಯಾರದೆಂಬುದು ನಿಸ್ಸಂದೇಹ. ನಾಯಿಯ ವಿಷಯದಲ್ಲಿ ಅದು ನಾಯಿಯದೋ, ಒಡೆಯನದೋ, ಊರಿನದೋ ಎಂಬುದನ್ನು ಬಿಡಿಸಿ ಹೇಳುವವರು ವಿರಳ.

ಗಂಡಾಗಲಿ ಹೆಣ್ಣಾಗಲಿ, ಆರು ತಿಂಗಳು ತುಂಬಿತೆಂದರೆ ಮಾಡಿಸಿಬಿಡತಕ್ಕದ್ದು ಎಂಬ ವಿಧಿಯೊಂದು ಬಹುಕಾಲದಿಂದ ಪ್ರಚಾರದಲ್ಲಿದೆ. ದಿಕ್ಕಿಲ್ಲದ ನಾಯಿಗಳ ಸಂಖ್ಯೆಯನ್ನು ತಗ್ಗಿಸಬೇಕೆಂಬ ಅಮೆರಿಕದ ಕಾಳಜಿಯು ಅದಕ್ಕೆ ಬಲ ಕೊಟ್ಟಿತು. ನಾರ್ವೆಯಲ್ಲಾದರೋ ತಕ್ಕ ಕಾರಣವಿಲ್ಲದೆ ಆರೋಗ್ಯವಂತ ಪ್ರಾಣಿಯ ಮೇಲೆ ಶಸ್ತ್ರಪ್ರಯೋಗ ಮಾಡುವುದನ್ನು ಕಾನೂನೇ ಒಪ್ಪುವುದಿಲ್ಲ. ನಮ್ಮ ದೇಶದ 2001ರ ಮತ್ತು 2023ರ ಸಂತಾನ ನಿಯಂತ್ರಣ ನಿಯಮಗಳು ಮುಖ್ಯವಾಗಿ ಬೀದಿನಾಯಿಗಳನ್ನು ಕುರಿತವು; ಅಲ್ಲಿ ಸಲ್ಲುವ ತರ್ಕವನ್ನು ಮಂಚದ ಮೇಲೆ ಮಲಗುವ ನಾಯಿಗೆ ಹಾಗೆಯೇ ಅನ್ವಯಿಸುವುದು ವಿಚಾರದ ಸೋಮಾರಿತನವೇ ಸರಿ.

ಇದಕ್ಕೆ ಪ್ರತಿಯಾಗಿ ಹುಟ್ಟಿಕೊಂಡಿರುವ ಭೀತಿಯೂ ಅಷ್ಟೇ ವಿವೇಚನಾಶೂನ್ಯವಾದದ್ದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಬೆಂಜಮಿನ್ ಹಾರ್ಟ್ ಮತ್ತು ಸಂಗಡಿಗರು ಗೋಲ್ಡನ್ ರಿಟ್ರೀವರ್ ತಳಿಯನ್ನು ಪರಿಶೀಲಿಸಿ, ಎಳೆಯ ವಯಸ್ಸಿನ ಸಂತಾನಹರಣದಿಂದ ಕೀಲುಬೇನೆಗಳು ಹೆಚ್ಚುವುವೆಂದು 2013ರಲ್ಲಿ ಪ್ರಕಟಿಸಿದಾಗ, ಎಲ್ಲ ತಳಿಯ ಒಡೆಯರೂ ಬೆದರಿದರು. ಆದರೆ ಅದೇ ವಿದ್ವಾಂಸರು 2020ರಲ್ಲಿ 35 ತಳಿಗಳನ್ನು ತೂಗಿನೋಡಿದಾಗ, ಸಣ್ಣ ತಳಿಗಳಲ್ಲಿ ಅಂಥ ಕೀಲುದೋಷದ ಏರಿಕೆ ಕಾಣಲಿಲ್ಲ. ಶಿಟ್ಜು ಮತ್ತು ಬಾಸ್ಟನ್ ಟೆರಿಯರ್ ತಳಿಗಳಲ್ಲಿ ಮಾತ್ರ ಕೆಲವು ಅರ್ಬುದಗಳು ಹೆಚ್ಚಿದ್ದು ಕಂಡುಬಂದಿತು. ಆ ತಳಿಗಳನ್ನು ಸಾಕಿದವರು ವೈದ್ಯರೊಡನೆ ಇದನ್ನು ಪ್ರತ್ಯೇಕವಾಗಿ ಮಾತನಾಡುವುದು ಲೇಸು.

ನನ್ನ ಅಭಿಪ್ರಾಯದಲ್ಲಿ ಹೆಣ್ಣಿನ ಪಕ್ಷವೂ ಗಂಡಿನ ಪಕ್ಷವೂ ಬೇರೆಬೇರೆ ವಾದಗಳು. ಅವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಿದ್ದರಿಂದಲೇ ಇಷ್ಟು ಗೊಂದಲ. ಹೆಣ್ಣುನಾಯಿಯು ಪ್ರತಿಸಲ ಬೆದೆಗೆ ಬಂದು ಹೋದ ಮೇಲೆ, ಗರ್ಭ ನಿಲ್ಲಲಿ ನಿಲ್ಲದಿರಲಿ, ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಸುಮಾರು ಎರಡು ತಿಂಗಳ ಕಾಲ ಅದರ ದೇಹದಲ್ಲಿ ಮಿಕ್ಕಿದ್ದು, ಗರ್ಭಕೋಶದ ಒಳಪೊರೆಯನ್ನು ದಪ್ಪಗೊಳಿಸುತ್ತದೆ. ವರ್ಷವರ್ಷವೂ ಇದು ಮರುಕೊಳಿಸಿ, ಕೊನೆಗೊಮ್ಮೆ ಅಲ್ಲಿ ಸೂಕ್ಷ್ಮಾಣುಗಳು ನೆಲೆಸಿ ಕೀವು ತುಂಬಿಕೊಳ್ಳುವ ಸಂಭವವುಂಟು. ಸ್ವೀಡನ್ನಿನಲ್ಲಿ ವಿಮೆ ಮಾಡಿಸಿದ ನಾಯಿಗಳ ಲೆಕ್ಕದಿಂದ, ಹತ್ತು ವರ್ಷದೊಳಗೆ ಹೆಚ್ಚುಕಡಮೆ ನಾಲ್ಕರಲ್ಲೊಂದು ಹೆಣ್ಣುನಾಯಿ ಈ ರೋಗಕ್ಕೆ ಈಡಾಗುವುದೆಂದು ತಿಳಿದುಬಂದಿದೆ. ಗರ್ಭಕೋಶದ ಬಾಯಿ ತೆರೆದಿದ್ದರೆ ಕೀವು ಹೊರಬಂದು ಸುಳಿವು ಕೊಡುವುದು. ಮುಚ್ಚಿದ್ದರೆ ನಾಯಿ ಮೇಲಿಂದ ಮೇಲೆ ನೀರು ಕುಡಿಯುವುದು, ಮಂಕಾಗಿ ಬಿದ್ದಿರುವುದು, ಇಂಥ ಲಕ್ಷಣಗಳಷ್ಟೇ ಕಾಣಬಹುದು. ಆಗ ಮಾಡತಕ್ಕ ಶಸ್ತ್ರಚಿಕಿತ್ಸೆಯೂ ಗರ್ಭಕೋಶವನ್ನು ತೆಗೆಯುವುದೇ. ಎಳೆಯ ಆರೋಗ್ಯವಂತ ದೇಹಕ್ಕೆ ಬದಲಾಗಿ ಮುದಿಯಾದ, ನಂಜೇರಿದ ದೇಹದ ಮೇಲೆ ಅದನ್ನು ಮಾಡಬೇಕಾಗುತ್ತದೆಂಬುದೊಂದೇ ವ್ಯತ್ಯಾಸ, ಮತ್ತು ಅದು ಸಾಮಾನ್ಯ ವ್ಯತ್ಯಾಸವಲ್ಲ.

ಒಂದು ಸಲವಾದರೂ ಮರಿ ಹಾಕಲಿ, ಆಮೇಲೆ ನೋಡೋಣ ಎಂಬ ಮಾತನ್ನು ಮನೆಯ ಹಿರಿಯರು ಆಡುವುದುಂಟು. ಅದರಿಂದ ಆರೋಗ್ಯಕ್ಕೆ ಲಾಭವೆಂಬುದಕ್ಕೆ ಆಧಾರವಿಲ್ಲ; ಪುಟ್ಟ ತಳಿಗಳಲ್ಲಿ ಒಂದೇ ಮರಿ ಗರ್ಭದಲ್ಲಿ ದಪ್ಪವಾಗಿ ಬೆಳೆದು, ಪಗ್ಗಿನಂಥವುಗಳಲ್ಲಿ ತಲೆಯೇ ದೊಡ್ಡದಾಗಿ, ಹೆರಿಗೆ ನಿಂತುಹೋಗಿ, ಅಪರಾತ್ರಿಯಲ್ಲಿ ಸಿಸೇರಿಯನ್ ಮಾಡುವವರನ್ನು ಹುಡುಕುತ್ತ ಹೊರಡಬೇಕಾಗುವುದೇ ಹೆಚ್ಚು ಸಂಭಾವ್ಯ.

ಸಂತಾನಹರಣದಿಂದ ಸ್ತನದ ಗಂಟುಗಳು ತಪ್ಪುವುವೆಂಬ ವಾದವು ಮಾತ್ರ ಕೀರ್ತಿಗೆ ತಕ್ಕಷ್ಟು ಗಟ್ಟಿಯಲ್ಲ. ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಅಪಾಯವು ಶೇಕಡಾ 0.5, ಒಂದು ಬೆದೆಯ ಮೇಲಾದರೆ 8, ಎರಡರ ಮೇಲಾದರೆ 26 ಎಂಬ ಅಂಕಿಗಳು 1969ರ ಒಂದು ಅಧ್ಯಯನದವು. ಅವು ಸಂತಾನಹರಣವಾಗದ ನಾಯಿಗೆ ಹೋಲಿಸಿ ಹೇಳಿದ ಪಾಲುಗಳೇ ಹೊರತು, ನೂರು ನಾಯಿಗಳಲ್ಲಿ ಇಷ್ಟಕ್ಕೆ ರೋಗವೆಂಬ ಲೆಕ್ಕವಲ್ಲ. 2012ರಲ್ಲಿ ಬ್ರಿಟನ್ನಿನ ಸಂಶೋಧಕರು ಈ ವಿಷಯದ ಬರಹಗಳನ್ನೆಲ್ಲ ಜಾಲಿಸಿ, ಆಧಾರವು ದುರ್ಬಲವೆಂದು ತೀರ್ಮಾನಿಸಿದರು. ಆದಕಾರಣ ಮೊದಲ ಬೆದೆಯೊಳಗೆ ಮುಗಿಸಲೇಬೇಕೆಂದು ತರಾತುರಿಪಡಬೇಕಾಗಿಲ್ಲ. ಒಂದು ಬೆದೆ ಕಳೆದು ಎರಡು ಮೂರು ತಿಂಗಳಾದ ಮೇಲೆ ಮಾಡಿಸಿದರೂ ಗರ್ಭಕೋಶದ ಕೀವಿನಿಂದ ರಕ್ಷಣೆ ದೊರೆತೇ ದೊರೆಯುವುದು. ಪುಟ್ಟ ದೇಹವು ಅರಿವಳಿಕೆಯಲ್ಲಿ ಬೇಗ ತಣ್ಣಗಾಗುವುದು, ಎಳೆಮರಿಯಲ್ಲಿ ರಕ್ತದ ಸಕ್ಕರೆ ಇಳಿಯುವುದು ಇವುಗಳ ದೃಷ್ಟಿಯಿಂದಲೂ ತುಸು ಬೆಳೆಯಲು ಬಿಡುವುದು ಹಿತ. ಉದುರದೆ ಉಳಿದ ಹಾಲುಹಲ್ಲುಗಳಿದ್ದರೆ ಅದೇ ಅರಿವಳಿಕೆಯಲ್ಲಿ ಕೀಳಿಸಿಬಿಡಬಹುದು. ಅನಂತರ ಊಟದಲ್ಲಿ ಸುಮಾರು ಕಾಲುಭಾಗ ತಗ್ಗಿಸದಿದ್ದರೆ ನಾಯಿ ಕೊಬ್ಬುವುದು. ನಾಲ್ಕು ಕಿಲೋ ನಾಯಿಗೆ ಅರ್ಧ ಕಿಲೋ ಹೆಚ್ಚುವುದೆಂದರೆ ಅಲ್ಪವಲ್ಲ.

ಗಂಡುನಾಯಿಯ ಪಕ್ಷದಲ್ಲಿ ಹೇಳಿಕೊಳ್ಳುವಷ್ಟು ಬಲವಿಲ್ಲ. ಮುಪ್ಪಿನಲ್ಲಿ ಪ್ರಾಸ್ಟೇಟ್ ಊದಿಕೊಂಡರೆ ಆಗ ಮಾಡಿಸಿದರೂ ಇಳಿಯುತ್ತದೆ. ಬಾಗಿಲ ಗಂಟೆಗೆ ಬೊಗಳುವುದು, ಅತಿಥಿಗಳ ಮೇಲೆ ಎರಗುವುದು ಇವು ಬೀಜ ತೆಗೆದ ಮಾತ್ರಕ್ಕೆ ನಿಲ್ಲುವುವೆಂದು ನಂಬಿದವರು ನಿರಾಶರಾಗುವರು. ಅಂಜುಬುರುಕ ನಾಯಿಯ ಅಂಜಿಕೆ ಕೆಲವೊಮ್ಮೆ ಹೆಚ್ಚಲೂಬಹುದು. ಬೆದೆಯ ವಾಸನೆ ಹಿಡಿದು ಬೀದಿಗೆ ನುಗ್ಗುವ ಗಂಡಿನ ಮಾತು ಬೇರೆ: ನಮ್ಮ ಬೀದಿನಾಯಿಗಳಲ್ಲಿ ಸಂಭೋಗದಿಂದ ಹರಡುವ ಗಡ್ಡೆರೋಗವುಂಟು, ಅದು ಅಂಟಿದರೆ ವಾರವಾರವೂ ವಿನ್‌ಕ್ರಿಸ್ಟಿನ್ ಚುಚ್ಚಿಸಬೇಕಾಗುತ್ತದೆ. ಇನ್ನು, ಸಣ್ಣ ತಳಿಗಳಲ್ಲಿ ಒಂದು ವೃಷಣವು ಕೆಳಗಿಳಿಯದೆ ಹೊಟ್ಟೆಯಲ್ಲಿಯೇ ಉಳಿಯುವುದು ಅಪರೂಪವಲ್ಲ, ಹಾಗೆ ಉಳಿದದ್ದು ಮುಂದೆ ಅರ್ಬುದಕ್ಕೆ ಎಡೆಗೊಡುವ ಸಂಭವವೂ ಹೆಚ್ಚು. ಅಂಥ ಗಂಡಿಗೆ ಮಾತ್ರ, ಹೆಣ್ಣಿಗೆ ಹೇಳಿದ ಹಾಗೆಯೇ, ಶಸ್ತ್ರಚಿಕಿತ್ಸೆ ಮಾಡಿಸಿಯೇ ತೀರಬೇಕೆಂದು ಹೇಳುತ್ತೇನೆ.