ಉಸಿರಿಗೆ ಹಾಕಿದ ಹೊಲಿಗೆ

ಕಲಬುರಗಿ ಕೋಟೆಯ ಸುತ್ತಲಿನವರಾಗಲಿ, ಕಮಲಾಪುರದವರಾಗಲಿ, ಶ್ವಾಸಕೋಶ ಪೂರ್ತಿ ಕೆಟ್ಟವರು ಕಸಿಗಾಗಿ ಹೈದರಾಬಾದಿನದೋ ಬೆಂಗಳೂರಿನದೋ ದಾರಿ ಹಿಡಿಯಬೇಕು. ಆ ಶಸ್ತ್ರಕ್ರಿಯೆಯಲ್ಲಿ ನನಗೆ ಬೆರಗು ಹುಟ್ಟಿಸುವುದು ಶ್ವಾಸನಾಳದ ಕವಲಿನ ಹೊಲಿಗೆ. 1963ರಲ್ಲಿ ಶಸ್ತ್ರವೈದ್ಯ ಜೇಮ್ಸ್ ಹಾರ್ಡಿ ಮೊದಲ ಕಸಿ ಮಾಡಿದಾಗ ರೋಗಿ ಬದುಕಿದ್ದು 18 ದಿನ. ಆಮೇಲಿನ ಕಸಿಗಳಲ್ಲಿ ಎಷ್ಟೋ ಸಲ, ರಕ್ತ ಸಾಲದೆ ನಾಳದ ಜೋಡಣೆ ಮಾಯದೆ ಬಿಚ್ಚಿಕೊಳ್ಳುತ್ತಿತ್ತು. 1983ರಲ್ಲಿ ಟೊರೊಂಟೊದ ಜೋಯಲ್ ಕೂಪರ್ ತಂಡ ಹೊಟ್ಟೆಯೊಳಗಿನ ಕೊಬ್ಬಿನ ಪರದೆಯನ್ನು ಮೇಲಕ್ಕೆ ತಂದು ಹೊಲಿಗೆಯ ಸುತ್ತ ಹೊದಿಸಿತು. ಪರದೆಯ ರಕ್ತನಾಳಗಳೇ ಗಾಯವನ್ನು ಪೋಷಿಸಿದವು. ಎಂಥ ಸೂಕ್ಷ್ಮ ಯೋಚನೆ! ಆ ರೋಗಿ ಆರು ವರ್ಷಕ್ಕೂ ಹೆಚ್ಚು ಬಾಳಿದ. ಈಗ ದಾನಿಯ ನಾಳವನ್ನು ಗಿಡ್ಡವಾಗಿ ಕತ್ತರಿಸುತ್ತಾರೆ, ಹೊದಿಕೆ ಬೇಕಾಗುವುದು ಅಪರೂಪ. ಹೊಲಿಗೆ ಮುಗಿಸಿ ರಕ್ತ ಬಿಟ್ಟು ಗಾಳಿ ತುಂಬಿದೊಡನೆ ಮುದುಡಿದ್ದ ಅಂಗ ಗುಲಾಬಿ ಬಣ್ಣಕ್ಕೆ ತಿರುಗಿ ಉಬ್ಬುತ್ತದೆ. ಅಂಗನಿರಾಕರಣೆ ತಡೆಯುವ ಮಾತ್ರೆಗಳನ್ನು ಮಾತ್ರ ಜೀವಮಾನವಿಡೀ ನುಂಗಬೇಕು.